ಫ್ರೇಮಿನೊಳಗೆ ಉಳಿದ ಬೋಲ್ಟು

ಬೋಲ್ಟಿನ ತಲೆ ಶೆಟ್ಟಿಕೆರೆಯ ರಸ್ತೆಯಲ್ಲೆಲ್ಲೋ ಬಿದ್ದುಹೋಗಿತ್ತು. ಅದರ ಬುಡ ಮಾತ್ರ ಬೈಕಿನ ಫ್ರೇಮಿನೊಳಗೆ ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಇಲ್ಲಿಂದ ಏಳುವುದಿಲ್ಲವೆಂದು ರವೀಂದ್ರ ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದ.

ಹಿಂದಿನ ದಿನ ಸಂಜೆ ಅವನು ಹೆಂಡತಿ ನಿರ್ಮಲಾಳನ್ನು ಹಿಂದೆ ಕೂರಿಸಿಕೊಂಡು ಚಿಕ್ಕನಾಯಕನಹಳ್ಳಿಯಿಂದ ಬರುತ್ತಿದ್ದ. ಅವಳು ಎರಡೂ ಕಾಲುಗಳನ್ನು ಒಂದೇ ಕಡೆಗೆ ಇಳಿಬಿಟ್ಟು, ಎಡಗಡೆಯ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಕುಳಿತಿದ್ದಳು. ರಸ್ತೆಯ ಉಬ್ಬೊಂದನ್ನು ದಾಟುವಾಗ ಆ ಫುಟ್‌ರೆಸ್ಟ್ ಕಳಚಿಬಿತ್ತು. ಅದರ ಹಿಂದೆಯೇ ಅವಳೂ ಬಿದ್ದಳು. ಈಗ ತಿಪಟೂರಿನ ಆಸ್ಪತ್ರೆಯೊಂದರಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾಳೆ. ಮತ್ತೆ ಮೊದಲಿನಂತೆ ನಡೆದಾಳೋ ಇಲ್ಲವೋ, ವೈದ್ಯರು ಇನ್ನೂ ಬಾಯಿ ಬಿಟ್ಟಿಲ್ಲ.

ಯುಗಾದಿಗೆ ಮುಂಚೆ ಆ ಫುಟ್‌ರೆಸ್ಟಿಗೆ ಹೊಸ ಬೋಲ್ಟು ಹಾಕಿದವನು ಕಿಬ್ಬನಹಳ್ಳಿ ಕ್ರಾಸಿನ ಮೆಕ್ಯಾನಿಕ್ ಸಿದ್ದಾರ್ಥ. ಅವನ ಗ್ಯಾರೇಜು ನಿಂತಿರುವ ರಸ್ತೆಬದಿಯ ತುಂಡು ಜಾಗ ರವೀಂದ್ರನ ತಂದೆ ಕರಿಯಪ್ಪನದು.

"ನೀನ್ ಹಾಕಿದ್ ಬೋಲ್ಟೇ ಮುರ್ದಿದ್ರೆ ಇವತ್ತೇ ಶೆಡ್ ಖಾಲಿ ಮಾಡ್ಬೇಕು ಕಣಪ್ಪ," ರವೀಂದ್ರನ ದನಿ ಏರಲಿಲ್ಲ. "ಅಲ್ಲ ಅಂತಾದ್ರೆ ಇದೇ ಕ್ರಾಸ್ನಲ್ಲಿ ನಿಂತ್ಕಂಡು ತಪ್ಪಾಯ್ತು ಅಂತೀನಿ."

"ನಾನ್ ಹಾಕಿದ್ದು ಕಂಪ್ನಿ ಬೋಲ್ಟು ರವಣ್ಣ. ಅದು ಹಂಗೆ ಮುರಿಯಾದಲ್ಲ."

"ಬಾಯ್ಮಾತು ಬ್ಯಾಡ. ತಗ್ದು ಕೈಗ್ ಕೊಡು."

ಸಿದ್ದಾರ್ಥ ಬೈಕಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಬೋಲ್ಟು ಮುರಿದ ಜಾಗದಲ್ಲಿ ಒಂದೇ ಒಂದು ಸುತ್ತಿನಷ್ಟು ಕಬ್ಬಿಣ ಹೊರಗೆ ಇಣುಕುತ್ತಿತ್ತು. ಉಳಿದದ್ದೆಲ್ಲ ಫ್ರೇಮಿಗೆ ಬೆಸೆದ ನಟ್ಟಿನೊಳಗೆ, ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಇಕ್ಕಳದ ಹಿಡಿತಕ್ಕೆ ಸಿಗುವಂತಿರಲಿಲ್ಲ.

"ಡ್ರಿಲ್ ಹಾಕಿ ಪುಡಿ ಮಾಡಿ ತಗಿಯಲಾ," ಎಂದ ಕರಿಯಪ್ಪ. ಹೆಗಲ ಮೇಲಿನ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ಅವನು ಬಂದಾಗಿನಿಂದ ನಿಂತೇ ಇದ್ದ. "ಎಷ್ಟೊತ್ತು ಅಂತ ಕಾಯಾದು?"

"ಡ್ರಿಲ್ ಹಾಕಿದ್ರೆ ಬರೀ ಚೂರು ಬತ್ತದೆ ಯಜಮಾನ್ರೆ. ಯಾರ್ದು ಅಂತ ಹೆಂಗ್ ಗೊತ್ತಾಯ್ತದೆ?"

"ಇವ್ನು ಹೇಳಾದು ಸರಿ ಐತೆ, ಸುಮ್ನಿರಪ್ಪ," ಎಂದ ರವೀಂದ್ರ.

ಕರಿಯಪ್ಪ ಟವೆಲ್ಲನ್ನು ಮತ್ತೆ ಇನ್ನೊಂದು ಹೆಗಲಿಗೆ ಹಾಕಿಕೊಂಡ. ಅವನಿಂದ ನಾಲ್ಕು ಮಾರು ದೂರದಲ್ಲಿ, ಗೋಡೆಗೆ ಬೆನ್ನು ಕೊಟ್ಟು ದುರ್ಗಯ್ಯ ಕುಳಿತಿದ್ದ. ಮೀಸೆ ಮೂಡುವ ಮೊದಲೇ ಕರಿಯಪ್ಪನ ತೆಂಗಿನ ತೋಟಕ್ಕೆ ಆಳಾಗಿ ಸೇರಿದ ಮುದುಕ, ಸಿದ್ದಾರ್ಥನ ತಂದೆ. ಗೂಡ್ಸ್ ಆಟೋದಲ್ಲಿ ಬೈಕು ಉರುಳದಂತೆ ಹಿಡಿದುಕೊಂಡು ಬಂದವನು ಅವನೇ. ಬಂದಾಗಿನಿಂದ ಮಗನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ತಂದೆಗೆ ಸಂಕೋಚವಾಗಿರಬೇಕೆಂದು ಸಿದ್ದಾರ್ಥ ಅಂದುಕೊಂಡ.

ಅವನು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟ. ಬ್ಯಾಟರಿಯ ವೈರು ಕಳಚಿದ. ಇಣುಕುತ್ತಿದ್ದ ಕಬ್ಬಿಣದ ಮೇಲೆ ಒಂದು ನಟ್ಟನ್ನು ಕೂರಿಸಿ, ಅದರ ತೂತಿನೊಳಗೇ ವೆಲ್ಡಿಂಗ್ ಕಡ್ಡಿ ತಾಗಿಸಿದ. ನೀಲಿ ಬೆಳಕು ಚಿಮ್ಮಿತು. ನೋಡಲು ನೆರೆದವರು ಮುಖ ತಿರುಗಿಸಿದರು. ಕೆಂಪು ಆರುವವರೆಗೆ ಕಾದು ಸ್ಪ್ಯಾನರ್ ಹಾಕಿ ತಿರುಗಿಸಿದ. ಟಕ್ಕೆಂದಿತು. ನಟ್ಟು ಕೈಗೆ ಬಂತು, ಬುಡ ಅಲ್ಲೇ ಉಳಿಯಿತು.

ಎದುರಿನ ಟೀ ಅಂಗಡಿಯ ಮರುಳಪ್ಪ ಲೋಟ ತೊಳೆಯುತ್ತಲೇ ಕೂಗಿದ: "ಏನ್ಲಾ ಸಿದ್ದಾರ್ಥ, ಹೆರಿಗೆ ಕಷ್ಟ ಐತಾ? ಅಡ್ಡ ತಿರುಗ್ಕಂಡೈತಾ ಕೂಸು?"

"ನೀನ್ ಬಿಸ್ನೀರ್ ಕಾಯ್ಸು ಮರುಳಣ್ಣ. ಬತ್ತದೆ."

ಎರಡು ಮೂರು ಜನ ನಕ್ಕರು. ರವೀಂದ್ರ ನಗಲಿಲ್ಲ.

ಹೊರಗೆ ಇಣುಕುತ್ತಿದ್ದ ಕಬ್ಬಿಣ ಈಗ ಅರ್ಧ ಸುತ್ತಿಗೆ ಇಳಿದಿತ್ತು. ಈ ಸಲವೂ ಕಿತ್ತುಬಂದರೆ ಡ್ರಿಲ್ ಹಾಕದೆ ಬೇರೆ ದಾರಿಯಿಲ್ಲ. ಡ್ರಿಲ್ ಹಾಕಿದರೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದಿದ್ದರೆ ಈ ಶೆಡ್ಡಿಲ್ಲ. ಸಿದ್ದಾರ್ಥ ಬೇರೊಂದು ನಟ್ಟು ಆರಿಸಿದ, ತುಕ್ಕನ್ನು ತಂತಿಬ್ರಷ್ಷಿನಿಂದ ಕೆರೆದು ಬೆಳ್ಳಗೆ ಮಾಡಿದ, ಮತ್ತೆ ಬೆಸೆದ. ಈ ಸಲ ಆತುರಪಡಲಿಲ್ಲ. ಕಬ್ಬಿಣ ಪೂರ್ತಿ ಕಪ್ಪಾದ ಮೇಲೆ ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಸ್ಪ್ಯಾನರನ್ನು ಬಿಚ್ಚುವ ಕಡೆಗೆ ತಿರುಗಿಸುವ ಬದಲು ಮೊದಲು ಬಿಗಿಯುವ ಕಡೆಗೆ ಒತ್ತಿದ. ಒಳಗೆಲ್ಲೋ ಕಿರ್ರೆಂದ ಸದ್ದು. ಹಿಂದಕ್ಕೆ ಒಂದು ಕೂದಲೆಳೆ. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ, ಈಗ ಕಾಲು ಸುತ್ತು.

"ಬಂತು," ಎಂದ ಯಾರೋ.

ರವೀಂದ್ರ ಎದ್ದು ಬಂದು ಅವನ ತಲೆಯ ಮೇಲೆಯೇ ಬಾಗಿ ನಿಂತ. ಬುಡ ಸುತ್ತು ಸುತ್ತಾಗಿ ಹೊರಗೆ ಬಂದು ಸಿದ್ದಾರ್ಥನ ಅಂಗೈ ಮೇಲೆ ಬಿತ್ತು. ಅಂಗೈ ಸುಡುತ್ತಿದ್ದರೂ ಅವನು ಅದನ್ನು ತಿರುಗಿಸಿ, ಇಷ್ಟು ಹೊತ್ತು ಫ್ರೇಮಿನೊಳಗೆ ಅಡಗಿದ್ದ ತುದಿಯನ್ನು ನೋಡಿದ.

ಅವನ ಎದೆಯ ಮೇಲಿದ್ದ ಭಾರ ಇಳಿಯಿತು. ಆ ತುದಿ ಕಂಪನಿಯ ಬೋಲ್ಟಿನಂತೆ ನುಣ್ಣಗೆ, ದುಂಡಗೆ ಇರಲಿಲ್ಲ. ಉದ್ದನೆಯ ಬೋಲ್ಟೊಂದನ್ನು ಅಳತೆಗೆ ತರಲು ಯಾರೋ ಗರಗಸದಲ್ಲಿ ಕುಯ್ದಿದ್ದರು. ಬ್ಲೇಡಿನ ಗೆರೆಗಳು ಸ್ಪಷ್ಟವಾಗಿದ್ದವು.

"ನೋಡು ರವಣ್ಣ. ಆಕ್ಸಾ ಬ್ಲೇಡ್ನಲ್ಲಿ ಕುಯ್ದಿರಾದು. ಇದು ಪಂಪ್‌ಸೆಟ್ಟಿನ ಬೋಲ್ಟು, ಮೆತ್ಗಿನ್ ಕಬ್ಣ. ನನ್ ಬೋಲ್ಟ್ ಬಿಚ್ಚಿ ಯಾರೋ ಇದನ್..."

ಮಾತು ಅಲ್ಲಿಗೇ ನಿಂತಿತು. ಕುಯ್ತ ನೇರವಾಗಿರಲಿಲ್ಲ; ಒಂದು ಕಡೆಗೆ ಓರೆಯಾಗಿತ್ತು. ಆ ಓರೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿದ್ದ. ಅವರ ಮನೆಯ ಗುದ್ದಲಿ ಕಾವು, ಜಂತಿ, ಒಲೆಯ ಸೌದೆ, ಎಲ್ಲವೂ ಹೀಗೆಯೇ ತಪ್ಪು ಕಡೆಗೆ ಓರೆಯಾಗಿ ಕುಯ್ದವುಗಳು. ದುರ್ಗಯ್ಯ ಎಡಚ.

ಸಿದ್ದಾರ್ಥ ತಲೆಯೆತ್ತಿದ. ತಂದೆ ನೆಲ ನೋಡುತ್ತಿದ್ದ. ಕರಿಯಪ್ಪ ಹೆದ್ದಾರಿಯ ಕಡೆ ನೋಡುತ್ತಿದ್ದ, ಅಲ್ಲಿ ಯಾವ ಬಸ್ಸೂ ಬರುತ್ತಿರಲಿಲ್ಲ.

"ಯಾರು ಹಾಕಿದ್ದು ಇದನ್ನ?" ರವೀಂದ್ರ ಬುಡವನ್ನು ಕಸಿದುಕೊಂಡ. "ನಾನು ಮಗಳು ಚೈತ್ರನ ಕಾಲೇಜಿಗೆ ಅಂತ ತುಮಕೂರ್ಗೋದಾಗ ಬೈಕು ತೋಟ್ದಲ್ಲೇ ಇತ್ತು. ಅಪ್ಪ, ಯಾರಾದ್ರೂ ಮುಟ್ಟಿದ್ರಾ?"

ಕರಿಯಪ್ಪ ಗಂಟಲು ಸರಿಮಾಡಿಕೊಂಡ. "ನಂಗೇನ್ ಗೊತ್ತು? ತೋಟ್ದಲ್ಲಿ ಯಾವಾಗ್ಲೂ ಇರೋನು ಅವ್ನು. ಅವ್ನನ್ ಕೇಳು."

ಎಲ್ಲರೂ ದುರ್ಗಯ್ಯನತ್ತ ತಿರುಗಿದರು. ಮುದುಕ ಗೋಡೆ ಹಿಡಿದು ಎದ್ದ. ಪಂಚೆಯ ಮಣ್ಣು ಕೊಡವಿದ. ಅಷ್ಟರಲ್ಲಿ ಸಿದ್ದಾರ್ಥ ಒಂದು ಸುಳ್ಳನ್ನು ಸಿದ್ಧಮಾಡಿಕೊಂಡಿದ್ದ: ದಾರಿಯಲ್ಲಿ ಬೇರಾವುದೋ ಅಂಗಡಿಯವರು ಹಾಕಿರಬೇಕು ಎನ್ನುವುದು. ತಂದೆ ಒಪ್ಪಿಕೊಂಡುಬಿಟ್ಟರೆ ಅದನ್ನು ನಡುವೆ ತೂರಿಸಬೇಕೆಂದಿದ್ದ.

"ತೋಟ್ದಲ್ಲಿ ಯಾರೂ ಮುಟ್ಲಿಲ್ಲ ಚಿಕ್ಕೆಜಮಾನ್ರೆ," ಎಂದ ದುರ್ಗಯ್ಯ. "ಸರ್ವೀಸ್ ದಿನ ನಾನಿಲ್ಲೇ ಕುಂತಿದ್ದೆ. ಅಳ್ತೆ ಬೋಲ್ಟ್ ಇಲ್ಲ ಅಂತ ಇವ್ನೇ ಒಂದನ್ನ ಕುಯ್ದು ಹಾಕ್ದ. ನಾನೇ ಕಂಡಿದ್ದೀನಿ."

ಮರುಳಪ್ಪನ ಕೈಯಲ್ಲಿ ಲೋಟ ಹಾಗೆಯೇ ನಿಂತಿತು.

ಸಿದ್ದಾರ್ಥ ಬಾಯಿ ತೆರೆದು ಒಂದೇ ಮಾತು ಆಡಿದ್ದರೆ ಸಾಕಿತ್ತು. ಒಂದು ಗರಗಸ ತರಿಸಿ, ಎಲ್ಲರೆದುರು ತಂದೆಯ ಕೈಗೆ ಕೊಟ್ಟು, ಕುಯ್ಯಿ ಎಂದರೆ ಸಾಕಿತ್ತು. ಅವನು ವೆಲ್ಡಿಂಗ್ ವೈರು ಸುತ್ತತೊಡಗಿದ.

"ಹೆತ್ತಪ್ಪನೇ ಹೇಳ್ತಾವ್ನೆ," ಎಂದ ರವೀಂದ್ರ. ಅವನ ಮುಖದಲ್ಲಿ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಗಿತ್ತು. ಬುಡವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ನಮ್ ಮಾವನ್ ಕಡೆಯೋರಿಗೆ ತೋರಿಸ್ಬೇಕು ಇದನ್ನ. ಶೆಡ್ ಇವತ್ತೇ ಖಾಲಿಯಾಗ್ಬೇಕು."

"ಹೋಗ್ಲಿ ಬುಡು, ಹುಡುಗ್ಮುಂಡೇದು," ಎಂದ ಕರಿಯಪ್ಪ. "ನಾಳೆವರ್ಗೂ ಟೈಮ್ ಕೊಡು. ಈಗ ಸರ್ಯಾಗೊಂದ್ ಹಾಕ್ಕೊಡ್ಲಿ, ನಮ್ ಕಣ್ಮುಂದೆ."

ಹೊಸ ಬೋಲ್ಟು ಹುಡುಕಲು ಸಿದ್ದಾರ್ಥ ಶೆಡ್ಡಿನ ಹಿಂಬದಿಗೆ ಹೋದ. ವೈರಿನ ಸಿಂಬೆ ಎತ್ತಿಕೊಂಡು ದುರ್ಗಯ್ಯ ಹಿಂದೆಯೇ ಬಂದ. ಡಬ್ಬಿಗಳ ನಡುವೆ ಅವರಿಬ್ಬರೇ.

"ಎಡಗೈ ಓರೆ ಕಣಪ್ಪ ಅದು," ಎಂದ ಸಿದ್ದಾರ್ಥ.

"ಗೊತ್ತು." ದುರ್ಗಯ್ಯ ಸಿಂಬೆಯನ್ನು ಮೊಳೆಗೆ ನೇತುಹಾಕಿದ. "ಗೂಡ್ಸ್ ಆಟೋ ಬರ್ಲಿಲ್ಲ. ತಿಪಟೂರ್ ಸಂತೆಗೆ ಕಾಯಿ ಹೋಗ್ಬೇಕಿತ್ತು. ಬೈಕಿಗೆ ಕೊಕ್ಕೆ ಕಟ್ಸಿ ಎರಡೂ ಕಡೆ ಕಾಯಿ ನೇತಾಕ್ಸಿದ್ರು ಯಜಮಾನ್ರು. ನಿನ್ ಬೋಲ್ಟು ಕೊಕ್ಕೆ ಪಟ್ಟಿ ಸೇರಿದ್ರೆ ಗಿಡ್ಡ ಆಯ್ತು. ಪಂಪಿಂದು ಕುಯ್ದಾಕು ಅಂದ್ರು, ಹಾಕ್ದೆ. ಮಗನ್ ಬೈಕ್ ಕತ್ತೆ ಮಾಡಿದ್ದು ಗೊತ್ತಾಗ್ಬಾರ್ದು ಅಂತ ಅವ್ನು ಬರೋಷ್ಟ್ರಲ್ಲಿ ಕೊಕ್ಕೆ ಬಿಚ್ಸಿದ್ರು. ಬೋಲ್ಟಿಗೆ ವಾಷರ್ ತುಂಬ್ಸಿ ಹಂಗೇ ಬುಟ್ವಿ."

"ಅದನ್ನೇ ಹೇಳ್ಬೌದಿತ್ತಲ್ಲ."

"ಹೇಳಿದ್ರೆ ಯಜಮಾನ್ರು ಹೂಂ ಅಂತಿದ್ರಾ? ದುರ್ಗನೇ ತಲೆಹರಟೆ ಮಾಡ್ದ ಅಂತಿದ್ರು. ಆಮೇಲೆ ನಾನೂ ನಿಮ್ಮವ್ವನೂ ಎಲ್ಲಿಗೋಗಾನ? ಮನೆ ಅವ್ರ ತೋಟ್ದಲ್ಲೈತೆ. ನಿನ್ ಕೈಲಿ ಕಸುಬೈತೆ ಮಗ. ತುರುವೇಕೆರೇಲಿ ಒಂದ್ ಶೀಟ್ ಹಾಕ್ಕಂಡ್ರೂ ಬದುಕ್ತೀಯ."

"ತುರುವೇಕೆರೆಗೆ ನನ್ಗಿಂತ ಮುಂಚೆ ಈ ಮಾತು ಹೋಗಿರ್ತದೆ. ಕಂಡೋರ್ ಹೆಂಡ್ರನ್ನ ಕೆಡವೋ ಮೆಕ್ಯಾನಿಕ್ ಅಂತ."

"ಜನ ಮರೀತಾರೆ ಬುಡು."

"ಅಪ್ಪನೇ ಹೇಳಿದ್ದನ್ನ ಮರೀತಾರಾ?"

ಬಿಸಿ ಕಬ್ಬಿಣದಿಂದ ಮಗನ ಅಂಗೈ ಮೇಲೆ ಎದ್ದಿದ್ದ ಬೊಬ್ಬೆಯನ್ನು ಕಂಡು ದುರ್ಗಯ್ಯ ಕೈ ಚಾಚಿದ. ಸಿದ್ದಾರ್ಥ ಕೈ ಹಿಂದಕ್ಕೆಳೆದುಕೊಂಡು ಬೋಲ್ಟು ಹಿಡಿದು ಹೊರಗೆ ನಡೆದ.

ಅವನು ಅದನ್ನು ಎಂದಿನಂತೆಯೇ ಹಾಕಿದ. ಮೊದಲು ಸುತ್ತುಗಳನ್ನು ಶುಚಿ ಮಾಡಿದ, ಹೆಕ್ಕಿ ತಂದಿದ್ದ ಫುಟ್‌ರೆಸ್ಟನ್ನು ಜಾಗಕ್ಕೆ ಹಿಡಿದು ಬೋಲ್ಟನ್ನು ಬೆರಳಲ್ಲಿ ಓಡುವಷ್ಟು ದೂರ ಓಡಿಸಿದ, ಆಮೇಲೆ ಸ್ಪ್ಯಾನರಿಗೆ ಪೂರ್ತಿ ಮೈಭಾರ ಕೊಟ್ಟು ಬಿಗಿದ. ಟ್ಯಾಂಕ್ ಕೂರಿಸಿ ಬ್ಯಾಟರಿಯ ವೈರು ಸೇರಿಸಿದ. ಕಿಕ್ ಹೊಡೆದು ಎಂಜಿನ್ನಿನ ಸದ್ದು ಕೇಳಿ ನೋಡಿದ.

"ಹತ್ತಪ್ಪ," ಎಂದ ರವೀಂದ್ರ, ಕರಿಯಪ್ಪನಿಗೆ.

ಕರಿಯಪ್ಪ ನೆರೆದವರನ್ನೊಮ್ಮೆ ನೋಡಿದ. "ಇವ್ನ್ ಬಿಗ್ದಿದ್ರ ಮೇಲೆ ನಾನ್ ಕಾಲಿಡಾದಿಲ್ಲ ಕಣಪ್ಪ. ಬಸ್ಸಿಗ್ ಬತ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನಿಲ್ದಾಣದ ಕಡೆ ನಡೆದ.

"ನೀನಾದ್ರೂ ಬಾ ದುರ್ಗಯ್ಯ. ತೋಟಕ್ಕೆ ನೀರ್ ಕಟ್ಬೇಕು."

ದುರ್ಗಯ್ಯ ಪಂಚೆ ಎತ್ತಿ ಕಟ್ಟಿ ಬೈಕಿನ ಎಡಗಡೆಗೆ ಬಂದ. ಹೊಸದಾಗಿ ಕೂರಿಸಿದ ಫುಟ್‌ರೆಸ್ಟನ್ನು ಒಮ್ಮೆಯೂ ಅಲ್ಲಾಡಿಸಿ ನೋಡದೆ, ಅದರ ಮೇಲೆ ಎಡಗಾಲಿಟ್ಟು, ಇಡೀ ದೇಹದ ಭಾರವನ್ನು ಅದೊಂದಕ್ಕೇ ಬಿಟ್ಟು, ಹಿಂದಿನ ಸೀಟಿಗೆ ಹತ್ತಿ ಕುಳಿತ.