ಎವರಿಸ್ತೊನ ಹತ್ತು ಸಾಲು

ಬ್ರೌಲಿಯೊ ಸ್ಪೀಕರಿನ ನೆತ್ತಿಗೆ ಮತ್ತೊಮ್ಮೆ ಗುದ್ದಿದ. “ದೇ... ದೇ... ದೇವ” ಎಂದು ತಡವರಿಸಿ, ಕಂಪ್ಯೂಟರಿನಲ್ಲಿ ಉಳಿದಿದ್ದ ಸತ್ತ ಎವರಿಸ್ತೊನ ದನಿ ನಿಂತಿತು. ಶವಪೆಟ್ಟಿಗೆಯ ಪಕ್ಕ ಕಾಫಿ ಹೀರುತ್ತಿದ್ದವರು ಕಿಸಕ್ಕನೆ ನಕ್ಕರು.

“ಸತ್ರೂ ತೊದಲೋದು ಬಿಡ್ಲಿಲ್ಲ ನೋಡು ಮುದುಕ!”

“ಗಂಟ್ಲು ನೆಟ್ಟಗಿದ್ರೆ ತಾನೆ? ನಾನು ಅವತ್ತೇ ಹೇಳಿದ್ದೆ,” ಎಂದ ಬ್ರೌಲಿಯೊ. ಬೀದಿಯ ಕಂಪ್ಯೂಟರ್ ಪಂಡಿತ ಅವನು. ಸತ್ತವನಿಗೆ ಮೂರು ಸಲ ಸ್ಪೀಕರು ಬದಲಿಸಿಕೊಟ್ಟವನು, ಒಮ್ಮೆಯೂ ಕಾರಣ ಹುಡುಕದವನು.

ಪೆಟ್ಟಿಗೆ ಎತ್ತುವ ಮೊದಲು ತನ್ನ ವಿದಾಯದ ಹತ್ತು ಸಾಲು ಎಲ್ಲರಿಗೂ ಕೇಳಿಸಬೇಕೆಂದು ಎವರಿಸ್ತೊ ಸಾಯುವ ಮುನ್ನ ಮಗಳು ನಿಡ್ಯಾಳಲ್ಲಿ ಬೇಡಿಕೊಂಡಿದ್ದ. ಪಾದ್ರಿ ಆಗಲೇ ಗಡಿಯಾರ ನೋಡುತ್ತಿದ್ದರು.

*

ಎವರಿಸ್ತೊ ಗಾರೆಯವ. ಪನಾಮಾದ ಆ ಬೀದಿಯ ಅರ್ಧ ಗೋಡೆಗಳು ಅವನು ಎಬ್ಬಿಸಿದವು. ಸಂಜೆ ಪದ್ಯ ಕಟ್ಟಿ, ಹಾಡಿ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದ. ಮರಳಿ ಕೇಳಿದರೆ ದನಿ ಚೂರುಚೂರು. ಅದೇ ಕಂಪ್ಯೂಟರಿನಿಂದ ಬೀದಿಗೆಲ್ಲ ಬಿಟ್ಟಿ ವೈಫೈ ಹಂಚಿದ್ದ. ಅದನ್ನು ಹೀರುತ್ತಲೇ ಬೀದಿ ಅವನನ್ನು ಆಡಿಕೊಂಡಿತು.

“ನನ್ನ ಉಸಿರೇ ಕಡೀತಾ ಇದೆ ಕಣೆ ಮಗಳೆ,” ಎನ್ನುತ್ತ ಜೇನು, ನಿಂಬೆ ಕುಡಿದು ಒಂದೇ ಪದ್ಯವನ್ನು ನಲವತ್ತು ಸಲ ಹಾಡಿದ. ಆಮೇಲೆ ಯಾರೆದುರೂ ಬಾಯಿ ತೆರೆಯಲಿಲ್ಲ. ಗಂಟಲೇ ಕೆಟ್ಟಿದೆ ಎಂಬ ಬ್ರೌಲಿಯೊನ ಮಾತನ್ನೇ ನಿಡ್ಯಾ ಕೂಡ ಆಗ ನಂಬಿದ್ದಳು.

*

“ಅತ್ಲಾಗೆ ಸರಿ,” ಎಂದು ನಿಡ್ಯಾ ಬ್ರೌಲಿಯೊನನ್ನು ಸ್ಪೀಕರಿನ ಬಳಿಯಿಂದ ಸರಿಸಿದಳು. ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತು ಓದಿ ತಿಳಿದಿದ್ದ, ಕಂಪ್ಯೂಟರಿನಲ್ಲಿ ಯಾವ ಕೆಲಸ ಯಾವುದನ್ನು ತಡೆಹಿಡಿಯುತ್ತಿದೆಯೆಂದು ಅಳೆಯುವ ಪುಟ್ಟ ಪ್ರೋಗ್ರಾಮನ್ನು ತೆರೆದಳು. ಕೆಂಪು ಗೆರೆ ಚಿಮ್ಮಿತು. ಕೆಳಗೆ ವೈಫೈ ನಡೆಸುವ ತಂತ್ರಾಂಶದ, ಅಂದರೆ ಡ್ರೈವರಿನ, ಹೆಸರು. ಬೀದಿಯ ಫೋನುಗಳಿಗೆ ಬಡಿಸುವುದರಲ್ಲೇ ಮುಳುಗಿದ್ದ ಅದು ಶಬ್ದಕ್ಕೆ ಸರದಿ ಬಿಟ್ಟುಕೊಡುತ್ತಿರಲಿಲ್ಲ. ಹಾಗಾದರೆ ದನಿ ಒಡೆಯುತ್ತಿದ್ದುದು ಕೇಳಿಸುವಾಗ ಮಾತ್ರ; ಒಳಗೆ ಮುದ್ರಿಸಿದ್ದು ನೆಟ್ಟಗೇ ಇತ್ತು.

“ಹಂಗಾದ್ರೆ ಅಪ್ಪನ ಗಂಟ್ಲಲ್ಲ...”

“ಏಯ್, ವೈಫೈ ಮುಟ್ಬೇಡ ಮಾರಾಯ್ತಿ! ಬೇಸ್‌ಬಾಲ್ ಕೊನೇ ಇನ್ನಿಂಗ್ಸು, ನಮ್ಮೋರು ಗೆಲ್ತಾ ಇದಾರೆ!” ಎಂದು ಕಾಫಿ ಹೀರುತ್ತಿದ್ದವನೊಬ್ಬ ಫೋನಿನಿಂದ ತಲೆಯೆತ್ತಿ ಕೂಗಿದ.

ನಿಡ್ಯಾ ವೈಫೈ ಆರಿಸಿದಳು. ಪದ್ಯವನ್ನು ಮೊದಲಿನಿಂದ ಹಚ್ಚಿದಳು.

“ದೇವರೆ, ಕಟ್ಟಿದ ಗೋಡೆಗಳೆಲ್ಲ ಪರರವು,
ಕಟ್ಟಿದ ಪದವೊಂದೆ ನನ್ನದು...”

ಎಲ್ಲೂ ಕಡಿಯದೆ, ತುಂಬಿದ ಎದೆಯಿಂದ, ಹತ್ತೂ ಸಾಲು ಹರಿದು ಬಂದವು. ನಿಡ್ಯಾ ತಿರುಗಿ ನೋಡಿದಳು. ಕೋಣೆಯಲ್ಲಿ ಪಾದ್ರಿಯೊಬ್ಬರೇ ಉಳಿದಿದ್ದರು. ಅಂಗಳದ ತುಂಬ ಜನ ಫೋನುಗಳನ್ನು ಬಾನಿಗೆತ್ತಿ, ಸಿಗ್ನಲ್ ಹುಡುಕುತ್ತ ಬೇಲಿಯತ್ತ ನಡೆಯುತ್ತಿದ್ದರು. ಪೆಟ್ಟಿಗೆಗೆ ಹೆಗಲು ಕೊಡಬೇಕಾದ ನಾಲ್ವರೂ ಅವರಲ್ಲಿದ್ದರು.