ಹುಳುಕು ಹುಡುಕುವ ಕೋಚ್

ಉಜೈರ್ ಬೆಂಗಳೂರಿನ ಬಿ ಡಿವಿಷನ್ ಲೀಗಿನಲ್ಲಿ ಹದಿಮೂರು ವರ್ಷ ಫುಟ್‌ಬಾಲ್ ಆಡಿದ. ಡಿಫೆಂಡರ್. ಅಷ್ಟು ವರ್ಷದಲ್ಲಿ ಮೇಲಿನ ಡಿವಿಷನ್ನಿನವರು ಯಾರೂ ಇವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕೋಚಿಂಗ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿಕೊಂಡು, ಕನಕಪುರದ ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸಿಕೊಂಡು, ಕೊನೆಗೆ ಭಾರತದ ಇಪ್ಪತ್ತು ವರ್ಷದೊಳಗಿನ ಹೆಣ್ಣುಮಕ್ಕಳ ತಂಡಕ್ಕೇ ಕೋಚ್ ಆಗಿಬಿಟ್ಟ. ರಾಮನಗರದ ಅವನ ಬೀದಿಯಲ್ಲಿ ಪಟಾಕಿ ಹೊಡೆದರು. ಬೂಟಿನಲ್ಲಿ ಸಿಗದ್ದು ಸೀಟಿಯಲ್ಲಿ ಸಿಕ್ಕಿತಲ್ಲ ಅಂತ ಅವನಿಗೂ ಒಳಗೊಳಗೇ ಖುಷಿ.

ಆದರೆ ಆಸಾಮಿಗೊಂದು ಚಾಳಿ. ಒಳ್ಳೆಯದನ್ನು ಕಂಡರೆ ಒಳ್ಳೆಯದು ಅಂತ ಹೇಳಲು ಬಾಯೇ ಬರುತ್ತಿರಲಿಲ್ಲ. ಇದು ಅಪ್ಪನಿಂದ ಬಂದ ಬಳುವಳಿ. ಅಪ್ಪ ಇಮಾಮ್ ಸಾಬ್ ರೇಷ್ಮೆ ನೂಲು ತೆಗೆಯುವ ರೀಲರ್. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕಳಪೆ ಗೂಡು ಕಂಡರೆ "ಪರವಾಗಿಲ್ಲ" ಎಂದು ಮುಂದೆ ಹೋಗುತ್ತಿದ್ದರು. ಮನಸ್ಸಿಗೆ ಹಿಡಿಸಿದ ಗೂಡಿನ ಮುಂದೆ ಮಾತ್ರ ಮೂಗು ಮುರಿದು, ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಸಿಪ್ಪೆ ತೆಳು, ನೂಲು ಬಿಚ್ಚಲ್ಲ" ಎಂದು ಗೊಣಗುತ್ತಿದ್ದರು. ಹೊಗಳಿದರೆ ಪಕ್ಕದ ರೀಲರನ ಕಿವಿ ನೆಟ್ಟಗಾಗಿ ಹರಾಜು ಏರುತ್ತದಲ್ಲ! ಈಗ ಹರಾಜೆಲ್ಲ ಮೊಬೈಲಿಗೆ ಬಂದಿದೆ. ಉಜೈರನ ನಾಲಿಗೆ ಮಾತ್ರ ಹಳೇ ಮಾರ್ಕೆಟ್ಟಿನಲ್ಲೇ ಉಳಿದಿತ್ತು.

ಅದರ ಬಿಸಿ ಪೂರ್ತಿ ತಟ್ಟಿದ್ದು ಸಾತನೂರಿನ ದಿವ್ಯಳಿಗೆ. ಕನಕಪುರದಲ್ಲಿ ಆರು ವರ್ಷ ಅವನ ಕೈಯಲ್ಲೇ ಕಲಿತವಳು, ಈಗ ಬೆಂಗಳೂರಿನ ರಾಷ್ಟ್ರೀಯ ಕ್ಯಾಂಪಿಗೂ ಬಂದವಳು. ಮೂವತ್ತೈದು ಹುಡುಗಿಯರಲ್ಲಿ ಅವಳಂಥ ಆಟಗಾರ್ತಿ ಇನ್ನೊಬ್ಬಳಿರಲಿಲ್ಲ. ಹಾಗಾಗಿ ಬೈಗುಳವೆಲ್ಲ ಅವಳ ಪಾಲಿಗೇ. ತಂಡದ ಕೊನೆಯ ಪಟ್ಟಿ ಕಳಿಸಬೇಕಾದ ದಿನ ಬೆಳಿಗ್ಗೆ ನೋಡಿದರೆ ಅವಳ ಮಂಚ ಖಾಲಿ, ಉಜೈರನ ಮೊಬೈಲಿನಲ್ಲಿ ಒಂದು ಮೆಸೇಜು: "ನಮ್ ಕಡೆಯವಳು ಅನ್ನೋ ಕನಿಕರಕ್ಕೆ ನನ್ನ ಸೇರಿಸ್ಬೇಡಿ ಸಾರ್. ಮನೆಗೆ ಹೋಗ್ತಿದೀನಿ. ಇನ್ನು ಆಡಲ್ಲ."

ಸಂಜೆ ಐದಕ್ಕೆ ಪಟ್ಟಿ ಹೋಗಬೇಕು. ಅವಳಿಲ್ಲದಿದ್ದರೆ ತಂಡಕ್ಕೆ ಜೀವವೇ ಇಲ್ಲ. ಬೈಕ್ ಹತ್ತಿದವನು ಕನಕಪುರ ದಾಟಿ ಸಾತನೂರಿನಲ್ಲೇ ನಿಲ್ಲಿಸಿದ.

ದಿವ್ಯ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಅಜ್ಜಿ ದಾಸಮ್ಮ ಜಗಲಿಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿತ್ತು.

"ಹೊರಡವ್ವ, ಟೈಮಿಲ್ಲ," ಎಂದ ಉಜೈರ್.

"ನಾನ್ ಬರಕ್ಕಿಲ್ಲ ಸಾರ್. ಆರ್ ವರ್ಸದಲ್ಲಿ ಒಂದಿನಾನಾದ್ರೂ ಚೆನ್ನಾಗಾಡ್ದೆ ಅಂದಿದೀರಾ? ಕ್ಯಾಂಪಲ್ಲಿ ಆ ನಯನ ಎಡವಿ ಬಿದ್ರೂ ಶಭಾಷ್ ಅಂತೀರ."

"ನಿನ್ ಎಡಗಾಲು ಇನ್ನೂ ಒಸಿ..." ಎಂದು ಶುರು ಮಾಡಿದವನು ನಾಲಿಗೆ ಕಚ್ಚಿಕೊಂಡ.

ದಾಸಮ್ಮ ಗೊಳ್ಳನೆ ನಕ್ಕಿತು. "ಅಯ್ಯೋ ಮಗ, ಇವ್ರು ರೀಲರ್ ಇಮಾಮ್ ಸಾಬ್ರ ಮಗ ಕಣವ್ವ! ನಲವತ್ ವರ್ಸ ಆ ಮಾರ್ಕೆಟ್ಗೆ ಗೂಡು ಹೊತ್ತಿವ್ನಿ ನಾನು. ಸಾಬ್ರು ಮೂಗು ಮುರುದ್ರು ಅಂದ್ರೆ ನಮ್ ಗೂಡು ಅವ್ರಿಗೇ ಅಂತ. ಪರವಾಗಿಲ್ಲ ಅಂದ್ರೇನೇ ಎದೆ ಒಡ್ಕಬೇಕಾಗಿತ್ತು."

ಉಜೈರನಿಗೆ ಹೋದ ಜೀವ ಬಂದಂತಾಯಿತು. "ಕೇಳಿಸ್ತಲ್ಲ? ನಡಿ ಮತ್ತೆ," ಎಂದ.

ದಿವ್ಯ ಅಲ್ಲಾಡಲಿಲ್ಲ. "ನಾನು ಗೂಡಲ್ಲ ಸಾರ್. ನಂಗೆ ಬಾಯ್ಬುಟ್ಟು ಹೇಳ್ಬೇಕು."

ಉಜೈರ್ ಕೊಟ್ಟಿಗೆಯ ಹಸುವನ್ನು ನೋಡಿದ, ಕೆಮ್ಮಿದ, ಬೆವರು ಒರೆಸಿಕೊಂಡ. ಎದುರು ತಂಡದ ಫಾರ್ವರ್ಡ್‌ಗಳು ಮೈಮೇಲೆ ಬಿದ್ದಾಗಲೂ ಇಷ್ಟು ಹೆದರಿದವನಲ್ಲ. ಅಜ್ಜಿ ಮೆಲ್ಲುವುದನ್ನೂ ನಿಲ್ಲಿಸಿ ಕಾಯುತ್ತಿತ್ತು.

"ಹದಿಮೂರು ವರ್ಷ ಆಡ್ದೆ, ಹತ್ತು ವರ್ಷ ಕಲಿಸ್ದೆ," ಎಂದ ಕೊನೆಗೆ. "ನಿನ್ನಂಗೆ ಆಡೋರ್ನ ನಾನು ನೋಡಿಲ್ಲ ಕಣವ್ವ. ನಿನ್ ಕಾಲಿಗೆ ಚೆಂಡು ಬಂದಾಗ ನಂಗೆ ಹೊಟ್ಟೆಕಿಚ್ಚಾಗತ್ತೆ. ನಂಗ್ಯಾಕೆ ಹಿಂಗೆ ಬರ್ಲಿಲ್ಲ ಅಂತ."

ದಿವ್ಯಳ ಕಣ್ಣು ತುಂಬಿ ಬಂತು. ಕೈಲಿದ್ದ ಸೊಪ್ಪನ್ನು ಹುಳುಗಳ ಮೇಲೆ ಹರಡಿ, ಮೂಲೆಯಲ್ಲಿದ್ದ ಬ್ಯಾಗನ್ನು ಹೆಗಲಿಗೇರಿಸಿದಳು.

"ಬ್ಯಾಗ್ ಬಿಚ್ಚೇ ಇಲ್ಲ ಸಾರ್," ಎಂದಳು. "ನೀವು ಬತ್ತೀರಿ ಅಂತ ಗೊತ್ತಿತ್ತು. ಇದ್ನ ಹೇಳ್ತೀರಿ ಅಂತ ಗೊತ್ತಿರ್ಲಿಲ್ಲ."