ಸಿನಿಮಾ ತೋರಿಸದ ಕೋಣೆ

ಅಕ್ಕ ತಂಗಿ ಇಬ್ಬರೂ ಸೇರಿ ಇಸ್ತ್ರಿ ಅಂಗಡಿ ನಡೆಸುತ್ತಿದ್ದರು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಗೋಡೆಯ ಟೀವಿಯಲ್ಲಿ ಯಾವಾಗಲೂ ಒಂದೇ ಸಿನಿಮಾ ಹಾಕುತ್ತಿದ್ದರು. ಕೆರೆ ದಂಡೆಯ ಮನೆಯೊಂದಕ್ಕೆ ಹೆಂಗಸೊಬ್ಬಳು ಬಾಡಿಗೆಗೆ ಬರುತ್ತಾಳೆ, ಸರವೊಂದು ಕಳುವಾಗುತ್ತದೆ, ಕೊನೆಗೆ ಸಿಗುತ್ತದೆ. ಕಥೆ ಅಷ್ಟೇ. ಕದ್ದವನು ಯಾರೆಂಬುದು ಇಬ್ಬರಿಗೂ ಬಾಯಿಪಾಠವಾಗಿತ್ತು.

ಅವರು ನೋಡುತ್ತಿದ್ದುದು ಆ ಮನೆಯನ್ನು. ಆಕೆ ಬಾಗಿಲು ತೆರೆದಾಗ ಇವರೂ ಹಿಂದೆಯೇ ಒಳಗೆ ಹೋಗುತ್ತಿದ್ದರು. ಹಜಾರದ ಕಿಟಕಿಯಿಂದ ಬಿಸಿಲು ನೆಲಕ್ಕೆ ಜಾರುತ್ತಿತ್ತು. ಪರದೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಕೊನೆಯಲ್ಲಿ ಆಕೆ ದೀಪ ಹಿಡಿದು ಮರದ ಮೆಟ್ಟಿಲು ಹತ್ತಿ, ಮೇಲಿನ ಬಾಗಿಲಾಚೆ ಮರೆಯಾಗುತ್ತಾಳೆ. ಆ ಕೋಣೆಯನ್ನು ಸಿನಿಮಾ ತೋರಿಸುವುದೇ ಇಲ್ಲ. ಅದನ್ನು ಇವರಿಬ್ಬರೇ ಸಜ್ಜು ಮಾಡಿಕೊಂಡಿದ್ದರು. ತಂಗಿಯ ಪ್ರಕಾರ ಅಲ್ಲಿ ನೀರಿನ ಕಡೆಗೆ ದೊಡ್ಡ ಕಿಟಕಿಯಿತ್ತು. ಅಕ್ಕನ ಪ್ರಕಾರ ಕಿಟಕಿ ಚಿಕ್ಕದು, ಮಂಚ ದೊಡ್ಡದು. ಮಲಗಿದರೆ ಯಾರೂ ಎಬ್ಬಿಸುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ನಿದ್ದೆ ಬಾರದಾಗಲೆಲ್ಲ ಮನಸ್ಸಿನಲ್ಲೇ ಆ ಮೆಟ್ಟಿಲು ಹತ್ತುತ್ತಿದ್ದಳು. ಹತ್ತುತ್ತ ಹತ್ತುತ್ತ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ತಂಗಿಯ ಗಂಡ ಗೇಲಿ ಮಾಡುತ್ತಿದ್ದ, ಆ ಕಳ್ಳನಿಗೇ ಬೇಜಾರಾಗಿ ಒಂದು ದಿನ ಕದಿಯುವುದನ್ನೇ ಬಿಟ್ಟಾನು ಎಂದು. ತಾನೇ ಒಂದು ಹೊಸ ಸಿನಿಮಾ ಹಾಕಿಕೊಟ್ಟ. ಚೆನ್ನಾಗಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಆ ಭರದಲ್ಲಿ ಯಾರದೋ ಅಂಗಿಯ ಕಾಲರು ಸುಟ್ಟೇಹೋಯಿತು. ಆದರೆ ಮತ್ತೆ ನೋಡಬೇಕೆನಿಸಲಿಲ್ಲ.

"ಅದರಲ್ಲಿ ಕಥೆ ನಮ್ಮನ್ನ ದರದರ ಎಳ್ಕೊಂಡು ಹೋಗುತ್ತೆ," ಎಂದಳು ಅಕ್ಕ. "ಇದರಲ್ಲಿ ಯಾರೂ ಅವಸರ ಮಾಡಲ್ಲ. ಕೂತ್ಕೊಳ್ಳೋಕೆ ಜಾಗ ಇದೆ."

ಒಂದು ಮಧ್ಯಾಹ್ನ ಮುದುಕ ಬಡಗಿಯೊಬ್ಬ ಬಟ್ಟೆ ತಂದ. ಟೀವಿ ಕಡೆ ಕಣ್ಣು ಹೋದದ್ದೇ, ಆ ಮನೆ ಕಟ್ಟಿದವರಲ್ಲಿ ತಾನೂ ಒಬ್ಬನೆಂದ. ಸ್ಟುಡಿಯೋದ ಷೆಡ್ಡಿನಲ್ಲಿ ಹಲಗೆ ಜೋಡಿಸಿ ಎಬ್ಬಿಸಿದ ಮನೆಯಂತೆ. ಬಿಸಿಲು ದೊಡ್ಡ ದೀಪದ್ದು, ಪರದೆಯ ಹಿಂದೆ ಫ್ಯಾನು. ತಂಗಿ ಆಸೆಯಿಂದ ಮೇಲಿನ ಕೋಣೆ ಹೇಗಿತ್ತೆಂದು ಕೇಳಿದಳು.

"ಮೇಲೆ ಕೋಣೆ ಎಲ್ಲಿತ್ತಮ್ಮ," ಎಂದ ಬಡಗಿ. "ಬಾಗಿಲು ದಾಟಿದ್ರೆ ಒಂದು ಹಲಗೆ, ಅಷ್ಟೇ. ಆಯಮ್ಮ ಬೀಳಬಾರದು ಅಂತ ನಾನೇ ಅಲ್ಲಿ ನಿಂತು ಕೈ ಹಿಡ್ಕೋತಿದ್ದೆ."

ಅಕ್ಕನ ಮುಖ ಸಪ್ಪಗಾಯಿತು. ಟೀವಿ ಆರಿಸಿದಳು. ಆಮೇಲೆ ಕೆಲವು ದಿನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಹಬೆಯ ಸದ್ದೊಂದೇ. ನಿದ್ದೆಯೂ ಅವಳ ಹತ್ತಿರ ಸುಳಿಯಲಿಲ್ಲ.

ಬಟ್ಟೆ ಒಯ್ಯಲು ಬಂದ ಬಡಗಿ ಆರಿದ ಟೀವಿ ನೋಡಿ ಪೆಚ್ಚಾದ. ಆ ಸಿನಿಮಾವನ್ನು ತಾನು ನೋಡೇ ಇಲ್ಲ, ಅದು ಬಿಡುಗಡೆಯಾಗುವ ಹೊತ್ತಿಗೆ ಇನ್ನೆಲ್ಲೋ ಇನ್ನೊಂದು ಮನೆ ಎಬ್ಬಿಸುತ್ತಿದ್ದೆ, ಒಮ್ಮೆ ಹಾಕುತ್ತೀರಾ ಎಂದು ಕೇಳಿದ. ಅಕ್ಕ ಒಲ್ಲದ ಮನಸ್ಸಿನಿಂದಲೇ ಸಿನಿಮಾ ಹಾಕಿ, ಕೂರಲು ಸ್ಟೂಲು ಸರಿಸಿದಳು.

ಮೊದಮೊದಲು ಅವನು ತಾನು ಮೊಳೆ ಹೊಡೆದ ಜಾಗಗಳನ್ನೆಲ್ಲ ತೋರಿಸುತ್ತಿದ್ದ. ಬರಬರುತ್ತ ಮಾತು ನಿಂತಿತು. ಬಿಸಿಲು ನೆಲಕ್ಕೆ ಜಾರಿತು, ಪರದೆ ಉಬ್ಬಿತು. ಕೊನೆಗೆ ಆಕೆ ದೀಪ ಹಿಡಿದು ಮೆಟ್ಟಿಲು ಹತ್ತಿ ಬಾಗಿಲಾಚೆ ಹೋದಳು.

ಅಕ್ಕನಿಗೆ ತಡೆಯಲಾಗಲಿಲ್ಲ. "ಈಗ ನೀವು ಕೈ ಹಿಡ್ಕೊಂಡ್ರಾ?"

ಬಡಗಿ ಆ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲಮ್ಮ," ಎಂದ ಮೆಲ್ಲಗೆ. "ಆಯಮ್ಮ ಒಳಗೆ ಹೋದ್ರು. ಅಲ್ಲಿ ನಾನಿರ್ಲಿಲ್ಲ."

ಆಮೇಲೆ ಅವನೇ, ಒಳಗೆ ಏನಿರಬಹುದು ಎಂದು ಇವರನ್ನು ಕೇಳಿದ. ಅಕ್ಕ ತಂಗಿ ಒಟ್ಟಿಗೇ ಬಾಯಿ ತೆರೆದರು. ಕಿಟಕಿ, ಮಂಚಗಳ ಜಗಳವನ್ನೆಲ್ಲ ಅವನು ಗಂಭೀರವಾಗಿ ಕೇಳಿಸಿಕೊಂಡು, ಹಾಗಾದರೆ ಸೂರು ಮರದ್ದಿರಬೇಕು, ಇಳಿಜಾರಾಗಿರಬೇಕು ಎಂದ. ಅಲ್ಲಿಯವರೆಗೆ ಸೂರಿನ ಬಗ್ಗೆ ಇವರಿಬ್ಬರಿಗೂ ಹೊಳೆದೇ ಇರಲಿಲ್ಲ.

ಸಿನಿಮಾ ತಾನೇ ಮೊದಲಿನಿಂದ ಶುರುವಾಯಿತು. ಯಾರೂ ನಿಲ್ಲಿಸಲಿಲ್ಲ. ಬೆಚ್ಚನೆಯ ಬಟ್ಟೆಗಳ ಗಂಟಿಗೆ ತಲೆಯಾನಿಸಿದ ಅಕ್ಕನಿಗೆ ಕೂತಲ್ಲೇ ಜೊಂಪು ಹತ್ತಿತು. ತಂಗಿ ಟೀವಿಯ ಸದ್ದು ಕಡಿಮೆ ಮಾಡಿದಳು.